ಹನ್ನೊಂದನೆಯ ಪುಟದ ನಾರಾಯಣಮ್ಮ

ಯಾರಿಗೆ ಯಾವ ವರದಿಯನ್ನು ಹೇಗೆ ಜೋಡಿಸಿಕೊಡಬೇಕೆಂಬುದು ಇಡೀ ಶ್ರೀನಿವಾಸಪುರದಲ್ಲಿ ನನ್ನೊಬ್ಬನಿಗೇ ಗೊತ್ತು ಎಂಬ ಜಂಬ ನನಗಿತ್ತು. ನಾನು ಕೆಲಸ ಮಾಡುವ ಮಾವಿನ ತಿರುಳಿನ ಕಾರ್ಖಾನೆಯ ಯಜಮಾನರು ಮೊದಲ ಪುಟ ದಾಟಿ ಓದುವವರಲ್ಲ. ಅವರ ಅಳಿಯನಿಗೆ ಬಣ್ಣದ ಚಿತ್ರಗಳು ಬೇಕು. ಇಂಜಿನಿಯರಿಗೆ ಕೋಷ್ಟಕ ಬಿಟ್ಟರೆ ಬೇರೆಯದರಲ್ಲಿ ನಂಬಿಕೆಯಿಲ್ಲ. ಒಂದೇ ಸಂಗತಿಯನ್ನು ಮೂವರಿಗೂ ಅವರವರ ನಾಲಗೆಗೆ ಹಿಡಿಸುವಂತೆ ಬಡಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯಲಿಲ್ಲ. ತರಕಾರಿ ಚೀಟಿಗೆ ತಲೆಬರಹ ಕೊಟ್ಟು, ಅಡಿಗೆರೆ ಎಳೆದು ತಿದ್ದಿ ಬರೆದಾಗ ಹೆಂಡತಿ, "ಟೊಮೇಟೊ ತನ್ನಿ ಅಂದ್ರೆ ತಲೆಬರಹ ತಂದಿದ್ದೀರಲ್ರೀ!" ಎಂದಿದ್ದಳು.

ಹೋದ ಮಾವಿನ ಸುಗ್ಗಿಯಲ್ಲಿ, ತಿರುಳು ಬೇಯಿಸುವ ಹಂಡೆಯ ಬಳಿ ಕೆಲಸ ಮಾಡುವ ರಾಯಲ್ಪಾಡಿನ ನಾರಾಯಣಮ್ಮ ನನ್ನ ಮೇಜಿನ ಹತ್ತಿರ ಬಂದರು. "ಸಾರ್, ಹಬೆ ಪೈಪಿನ ಜಾಯಿಂಟು ಬುಸ್ ಅಂತೈತೆ. ನಂಗೆ ಭಯಂ ಆಗ್ತೈತೆ. ದೊಡ್ಡೋರಿಗೆ ಬರೀರಿ," ಎಂದರು.

ಬರೆದೆ. ಆದರೆ ಇಂಥದ್ದು ಮೊದಲ ಪುಟದಲ್ಲಿ ಕಂಡರೆ ಯಜಮಾನರು ಮುಖ ಗಂಟಿಕ್ಕುತ್ತಾರೆ. ಭಯಕ್ಕೆ ಬಣ್ಣದ ಚಿತ್ರ ಬರೆಯಲಾಗದು. ಕೋಷ್ಟಕಕ್ಕೆ ಹಾಕೋಣವೆಂದರೆ ಅಂಕಿಯಿಲ್ಲ. ಕೊನೆಗೆ ಹನ್ನೊಂದನೆಯ ಪುಟದ ಅನುಬಂಧದಲ್ಲಿ ಅದಕ್ಕೊಂದು ಜಾಗ ಮಾಡಿ, ವರದಿಗೆ ಚೆಂದದ ಹೊದಿಕೆ ಹಾಕಿಸಿದೆ. ಯಜಮಾನರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಎರಡು ವಾರ ಕಳೆಯುವಷ್ಟರಲ್ಲಿ ಜಾಯಿಂಟು ಬಿಟ್ಟುಕೊಂಡಿತು. ನಾರಾಯಣಮ್ಮನ ಬಲಗೈ ಮೊಣಕೈವರೆಗೂ ಬೆಂದುಹೋಯಿತು.

ಕೋಲಾರದ ಆಸ್ಪತ್ರೆಗೆ ಹೋದೆ. ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ನಾನು ತಂದ ಮೂಸಂಬಿಯ ಕಡೆ ನೋಡಲೇ ಇಲ್ಲ.

"ಬರೆದಿದ್ರಾ ಸಾರ್?"

"ಬರೆದಿದ್ದೆ ಕಣಮ್ಮ."

"ಏನಂತ? ಒಸಿ ಓದಿ."

ಮೊಬೈಲಿನಲ್ಲಿ ವರದಿಯಿತ್ತು. ಓದಿದೆ: "ಹಬೆ ಸಂಪರ್ಕದ ಸ್ಥಿತಿಗತಿಯ ಕುರಿತು ಸಿಬ್ಬಂದಿ ವಲಯದಲ್ಲಿ ಅಭಿಪ್ರಾಯ ವ್ಯಕ್ತವಾಗಿದ್ದು, ಸೂಕ್ತ ಕಾಲದಲ್ಲಿ ಪರಿಶೀಲಿಸಬಹುದಾಗಿದೆ."

ನಾರಾಯಣಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಮುಂದೇನೋ ಇದೆಯೆಂದು ಸ್ವಲ್ಪ ಕಾದರು. ಆಮೇಲೆ, "ಭಯಂ ಆಗ್ತೈತೆ ಅಂದಿದ್ನಲ್ಲ ಸಾರ್, ಅದು ಎಲ್ಲೈತೆ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೈಸಿಕೊಂಡಾದರೂ ಬರುತ್ತಿದ್ದೆ.

ಪೈಪು ಬದಲಾಯಿತು. ನಾರಾಯಣಮ್ಮನ ಬಲಗೈ ಬೆರಳುಗಳು ಮಾತ್ರ ಸರಿಯಾಗಿ ಮಡಚಲು ಬರಲಿಲ್ಲ. ಈಗ ಹಣ್ಣು ಆರಿಸುವ ಕಡೆ ಕೂತು ಎಡಗೈಯಲ್ಲಿ ಕೆಲಸ ಮಾಡುತ್ತಾರೆ. ನಾನು ಹಾದುಹೋಗುವಾಗ ತಲೆಯೆತ್ತಿ, "ಊಟ ಆಯ್ತಾ ಸಾರ್?" ಎನ್ನುತ್ತಾರೆ. ಆಯ್ತಮ್ಮ ಎನ್ನುವ ಅಷ್ಟು ಚಿಕ್ಕ ಉತ್ತರವನ್ನೂ ನಾನು ಮನಸ್ಸಿನಲ್ಲೇ ಎರಡು ಸಲ ತಿದ್ದಿಕೊಂಡು ಹೇಳುತ್ತೇನೆ.