ಅತ್ತೆಯ ಅನುಮಾನ ಮತ್ತು ಎರಡು ಅಮೆರಿಕಗಳು

ನನ್ನ ಸೋದರತ್ತೆ ತನ್ನ ನೆರಳನ್ನೂ ನಂಬುತ್ತಿರಲಿಲ್ಲ ಎಂದು ಚನ್ನಗಿರಿಯ ನಮ್ಮ ಬೀದಿಯವರು ಹೇಳುತ್ತಿದ್ದರು. ಇದು ಶುದ್ಧ ಸುಳ್ಳು! ನೆರಳಿನ ಮೇಲೆ ಅವಳಿಗೆ ಅಂಥ ದೂರೇನೂ ಇರಲಿಲ್ಲ. ಬೆಳಿಗ್ಗೆ ಅಷ್ಟುದ್ದ ಇದ್ದದ್ದು ಮಧ್ಯಾಹ್ನಕ್ಕೆ ಕಾಲಡಿ ಮುದುರಿಕೊಂಡು, ಸಂಜೆಗೆ ಮತ್ತೆ ಪಕ್ಕದ ಮನೆಯ ಗೋಡೆ ಹತ್ತುವುದೇಕೆ ಎಂದು ಒಂದಿಷ್ಟು ವಿಚಾರಿಸಬೇಕು ಅನ್ನಿಸುತ್ತಿತ್ತು, ಅಷ್ಟೆ.

ಹಾಲು ನೀರಾಗಿದ್ದರೆ ಎಲ್ಲರೂ ಜಗಳವಾಡುತ್ತಾರೆ. ಅತ್ತೆ ಹಾಲು ಗಟ್ಟಿಯಾಗಿದ್ದರೂ ಜಗಳವಾಡುತ್ತಿದ್ದಳು. "ಇವತ್ತೇನಪ್ಪ ಇಷ್ಟು ಗಟ್ಟಿ? ನಾಳೆಯಿಂದ ನೀರು ಹಾಕಾಕೆ ಪೀಠಿಕೆನಾ?" ಬಸ್ಸಿನ ಕಂಡಕ್ಟರು "ಸೀಟು ಖಾಲಿ ಐತೆ, ಬರ್ರಿ ಟೀಚರ್" ಎಂದು ಕೂಗಿದರೆ, "ಖಾಲಿ ಯಾಕೈತೆ?" ಎಂದು ಕೇಳಿ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಮುಂದಿನ ಬಸ್ಸು ತುಂಬಿಕೊಂಡು ಬಂದರೆ ಸಮಾಧಾನ. ಇಷ್ಟು ಜನ ಒಟ್ಟಿಗೆ ಮೋಸಹೋಗಲಾರರಲ್ಲ!

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರು. ಹೊನ್ನಾಳಿಗೆ ಮದುವೆಯಾಗಿ ಹೋಗಿದ್ದವಳು, ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ನಮ್ಮ ಮನೆಗೆ ವಾಪಸು ಬಂದಿದ್ದಳು. ಕರೆದುಕೊಂಡು ಬಂದವನು ಅವಳ ತಮ್ಮ, ಅಂದರೆ ನಮ್ಮಪ್ಪ. ಓದಿಸಿದವನೂ ಅವನೇ. ಪಡಸಾಲೆಯ ಪಕ್ಕದ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕೇಳದೆ, ಅತ್ತೆ ಅಂಚೆಯ ಮೂಲಕ ಇತಿಹಾಸದ ಎಂ.ಎ. ಕಟ್ಟಿಬಿಟ್ಟಳು!

ನಮಗೆ ಗೊತ್ತಾದದ್ದು ಪೋಸ್ಟ್‌ಮ್ಯಾನ್ ಮೊದಲ ಪಾಠದ ಕಟ್ಟು ತಂದಾಗ. ಅತ್ತೆ ಅದರ ಅಂಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದನ್ನ ಯಾರೋ ಬಿಚ್ಚಿ ಓದವ್ರೆ."

"ಅಯ್ಯೋ, ಪಾಠದ ಪುಸ್ತಕ ಓದಿ ನಾನೇನ್ ಮಾಡ್ಲಿ ಟೀಚರ್?" ಎಂದ ಅವನು.

"ಓದಿಲ್ಲ ಅಂದ್ರೆ ಪಾಠದ ಪುಸ್ತಕ ಅಂತ ಹೆಂಗೆ ಗೊತ್ತಾತು?"

ಪಾಪ, ಕಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು! ಅಂದಿನಿಂದ ಅವನು ನಮ್ಮ ಮನೆಯ ಕಾಗದಗಳನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಸೈಕಲ್ ಹತ್ತುತ್ತಿದ್ದ.

ಒಂದು ವಿಷಯವನ್ನು ಅವಳೇ ಆರಿಸಿಕೊಳ್ಳಬಹುದಿತ್ತು. ಎಲ್ಲರೂ ಕರ್ನಾಟಕದ ಇತಿಹಾಸ ತೆಗೆದುಕೊಂಡರೆ ಅತ್ತೆ ತೆಗೆದುಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕ ಖಂಡಗಳು: ಅಲ್ಲಿಯ ಸ್ವಾತಂತ್ರ್ಯ ಹೋರಾಟಗಳು, ಗಡಿ ವಿಸ್ತರಣೆ. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮ ರಾಜರ ವಿಷಯ ಪೇಪರ್ ತಿದ್ದೋನಿಗೂ ಗೊತ್ತಿರ್ತೈತೆ. ತಪ್ಪು ಹುಡುಕ್ತಾನೆ. ಬೊಲಿವಿಯಾ ವಿಷಯ ಅವನಿಗೇನ್ ಗೊತ್ತಿರ್ತೈತೆ?" ಅಂದಳು. ಪರೀಕ್ಷಕನನ್ನು ಪರೀಕ್ಷೆಗೆ ಮೊದಲೇ ಅನುಮಾನಿಸಿದ ವಿದ್ಯಾರ್ಥಿನಿ ಇವಳೊಬ್ಬಳೇ ಇರಬೇಕು!

ಪಾಠ ಓದಿ ಹೇಳುವ ಕೆಲಸ ನನ್ನದಾಯಿತು. ಅತ್ತೆಯ ಕಣ್ಣಿಗೆ ಹೊಸ ಕನ್ನಡಕ ಬೇಕಿತ್ತು. ಆದರೆ ಕನ್ನಡಕದ ಅಂಗಡಿಯವನು ಬೇಕೆಂದೇ ಮಸಕು ಅಕ್ಷರದ ಬೋರ್ಡು ಇಟ್ಟಿದ್ದಾನೆಂಬ ಗುಮಾನಿ ಅವಳಿಗೆ. ನಾನೋ ಬಿ.ಎ. ಮುಗಿಸಿ, ವರ ಬರುವುದನ್ನು ಕಾಯುತ್ತ ಕೂತ ಹುಡುಗಿ. ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಅತ್ತೆ ಮಂಚದ ಮೇಲೆ, ನಾನು ಕೆಳಗೆ.

ಮೂರನೆಯ ಪಾಠಕ್ಕೆ ಟೆಕ್ಸಾಸ್ ಬಂತು. ಅದು ಮೊದಲು ಮೆಕ್ಸಿಕೋ ದೇಶದ್ದು. ಬೇಸಾಯಕ್ಕೆ ಜನ ಸಾಲದೆಂದು ಪಕ್ಕದ ಅಮೆರಿಕದವರನ್ನು ಕರೆದು ಜಮೀನು ಕೊಟ್ಟರು. ಬಂದವರು ತಮ್ಮವರನ್ನೂ ಕರೆಸಿಕೊಂಡರು. ಕೆಲವೇ ವರ್ಷದಲ್ಲಿ ಕರೆದವರಿಗಿಂತ ಬಂದವರೇ ಹೆಚ್ಚಾಗಿ, ಇದು ನಮ್ಮದೇ ಬೇರೆ ದೇಶ ಎಂದು ಸಾರಿ, ಆಮೇಲೆ ಅಮೆರಿಕದೊಳಗೆ ಸೇರಿಬಿಟ್ಟರು.

ಅತ್ತೆ "ನಿಲ್ಲು" ಅಂದಳು. ಎದ್ದು ನೇರ ಜಗಲಿಗೆ ಹೋದಳು. ಅಲ್ಲಿ ಒಬ್ಬ ದರ್ಜಿ ಕೂತಿದ್ದ. ತನ್ನ ಅಂಗಡಿ ರಿಪೇರಿಯಾಗುವವರೆಗೆ ಹೊಲಿಗೆ ಮಿಷನ್ ಇಡಲು ಎಂಟು ದಿನದ ಮಟ್ಟಿಗೆ ಜಾಗ ಕೇಳಿದ್ದವನು. ಆರು ತಿಂಗಳಾಗಿತ್ತು. ಮಿಷನ್ ಜತೆಗೆ ಒಂದು ಬೆಂಚು, ಇಸ್ತ್ರಿ ಪೆಟ್ಟಿಗೆ, ಗಿರಾಕಿಗಳಿಗೊಂದು ಕನ್ನಡಿ ಎಲ್ಲ ಬಂದಿದ್ದವು. ಆವತ್ತು ಅವನು ಮೊಳೆ ಹೊಡೆದು ಬೋರ್ಡು ತೂಗುಹಾಕುತ್ತಿದ್ದ!

"ನಂಗೆ ಎಲ್ಲ ಗೊತ್ತಾಗೈತೆ," ಎಂದಳು ಅತ್ತೆ. "ನೀನು ಟೆಕ್ಸಾಸ್!"

ದರ್ಜಿ ಬಾಯಲ್ಲಿದ್ದ ಮೊಳೆ ತೆಗೆದು, "ಅಲ್ರೀ ಟೀಚರ್, ನಾನು ಕೆರೆಬಿಳಚಿಯೋನು," ಅಂದ.

ಕೆರೆಬಿಳಚಿಯವನು ಒಂದೇ ವಾರದಲ್ಲಿ ಜಾಗ ಖಾಲಿ ಮಾಡಿದ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತೆಗೆ ಯಾರಾದ್ರೂ ಒಳ್ಳೇರ ಹತ್ರ ತೋರಿಸ್ರವ್ವ," ಎಂದು ಮೆಲ್ಲಗೆ ಹೇಳಿದ.

ಅದಾದ ಮೇಲೆ ಅನುಮಾನ ಮನೆಯೊಳಗೂ ಬಂತು. ಆದರೆ ಈ ಸಲ ಅನುಮಾನಪಟ್ಟದ್ದು ಅತ್ತೆಯಲ್ಲ, ಅಮ್ಮ. ಅತ್ತೆ ಕೋಣೆಯಲ್ಲಿ ಗಟ್ಟಿಯಾಗಿ ಉರು ಹೊಡೆಯುವುದು ಅಡಿಗೆಮನೆಗೆ ಕೇಳುತ್ತಿತ್ತು. ಒಂದು ಸಂಜೆ ಅಮ್ಮ ಸೌಟು ಹಿಡಿದುಕೊಂಡೇ ಅಪ್ಪನ ಬಳಿ ಬಂದಳು.

"ಅತ್ತಿಗೆಮ್ಮ ಏನೋ ನೊಗ ಕಿತ್ತೊಗೀಬೇಕು ಅಂತ ಹತ್ತು ಸಲ ಹೇಳಿದ್ರು ಕಣ್ರೀ. ಯಾರ್ ನೊಗ?"

ಎಮರ್ಜೆನ್ಸಿ ಮುಗಿದು ಆಗಷ್ಟೇ ವರ್ಷವಾಗಿತ್ತು. ಕ್ರಾಂತಿ ಎಂಬ ಮಾತು ಕಿವಿಗೆ ಬಿದ್ದರೆ ಅಪ್ಪ ಎದ್ದು ಕಿಟಕಿ ಮುಚ್ಚುವ ಕಾಲ ಅದು. ಅವನು ನನ್ನನ್ನು ಕರೆದು ಗೂಢಚಾರಿಣಿಯಾಗಿ ನೇಮಿಸಿದ. ಸಂಬಳ ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ.

ನಾನು ವರದಿ ಒಪ್ಪಿಸತೊಡಗಿದೆ. "ಅರ್ಜೆಂಟೀನಾದಿಂದ ಒಬ್ಬ ಸೇನಾಪತಿ ಹಿಮದ ಬೆಟ್ಟ ದಾಟ್ಕೊಂಡು ಚಿಲಿಗೆ ಹೋದ ಅಪ್ಪ."

"ಯಾಕೆ ಹೋದ?"

"ಅಲ್ಲಿಯೋರನ್ನ ಬಿಡುಗಡೆ ಮಾಡಾಕೆ."

"ಅವನ್ನ ಯಾರು ಕರೆದಿದ್ರು?" ಅಪ್ಪನ ಮುಖ ಕಪ್ಪಿಟ್ಟಿತು. "ಮನೇಲಿ ಸುಮ್ನೆ ಇದ್ದೋರ ತಲೆ ಕೆಡಿಸೋದು ಇಂಥೋರೇ."

ಅತ್ತೆಗೆ ನನ್ನ ಮೇಲೆ ಅನುಮಾನ ಬಾರದೆ ಇರುತ್ತದೆಯೇ? ಮೊದಲ ದಿನವೇ ಮಿರ್ಚಿಯ ವಾಸನೆ ಹಿಡಿದಿದ್ದಳಂತೆ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಹೈಟಿಯಲ್ಲಿ ಗುಲಾಮರೇ ಎದ್ದುನಿಂತು ಧಣಿಗಳನ್ನು ಓಡಿಸಿದ ಪಾಠ ಮುಗಿದಾಗ ಮಾತ್ರ, "ಇದನ್ನ ನಿಮ್ಮಪ್ಪನಿಗೆ ಹೇಳಬೇಡ. ಊಟ ಬಿಟ್ಬಿಡ್ತಾನೆ," ಎಂದಳು.

ಆ ವರ್ಷವೇ ನನ್ನನ್ನು ನೋಡಲು ನ್ಯಾಮತಿಯಿಂದ ಒಂದು ಗಂಡು ಬಂತು. ಗಂಡಿನ ಜತೆಗೆ ದೊಡ್ಡಪ್ಪ, ಚಿಕ್ಕಪ್ಪ, ಭಾವ, ಮತ್ತು ಯಾರ ಕಡೆಯವರೆಂದು ಕೊನೆಗೂ ತಿಳಿಯದ ಒಬ್ಬ ಮುದುಕ. ಉಪ್ಪಿಟ್ಟು, ಕೇಸರಿಬಾತು ಆಯಿತು. ಅಪ್ಪ ಕೈಮುಗಿದು, "ತಮ್ಮ ನಿರೀಕ್ಷೆ ಏನೈತೆ ಹೇಳಿದ್ರೆ..." ಎಂದು ಶುರುಮಾಡಿದ.

"ನಮಗೇನೂ ಬ್ಯಾಡ ಸ್ವಾಮಿ," ಎಂದ ದೊಡ್ಡಪ್ಪ, ಕೈ ಅಗಲಿಸಿ. "ಹುಡುಗಿ ಒಂದು ಕೊಟ್ರೆ ಸಾಕು."

ಅಮ್ಮನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಬಾಗಿಲ ಮರೆಯಿಂದ ಅತ್ತೆ ಈಚೆ ಬಂದಳು. "ಏನೂ ಬ್ಯಾಡ ಅಂತ ಬಂದೋರ ಕಥೆನೇ ನಾನು ಆರು ತಿಂಗಳಿಂದ ಓದ್ತಾ ಇರೋದು!"

ಮುದುಕನ ಕೈಯ ಕಾಫಿ ಲೋಟ ಅಲ್ಲೇ ನಿಂತಿತು.

"ಫ್ರಾನ್ಸಿನೋರು ಅಷ್ಟು ದೊಡ್ಡ ಲೂಯಿಸಿಯಾನಾನ ಅಮೆರಿಕಕ್ಕೆ ಮಾರಿಬಿಟ್ರು. ಅಲ್ಲಿದ್ದ ಜನಾನ ಒಂದ್ ಮಾತು ಕೇಳಿದ್ರಾ? ಇಲ್ಲ! ನೀವು ಈ ಹುಡುಗೀನ ಕೇಳಿದ್ರಾ?"

ಕೇಳಿರಲಿಲ್ಲ. ಅವರು ಕೇಳುವ ಬದಲು ಚಪ್ಪಲಿ ಹುಡುಕಿಕೊಂಡರು. ಅಪ್ಪ ಮೂರು ದಿನ ಅತ್ತೆಯ ಜತೆ ಮಾತಾಡಲಿಲ್ಲ. ಅಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ನಾನು ಮಾತ್ರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ನಕ್ಕೆ. ಯಾಕೆಂದರೆ ಆ ಹುಡುಗ ಉಪ್ಪಿಟ್ಟು ತಿನ್ನುವಷ್ಟು ಹೊತ್ತೂ ನನ್ನನ್ನು ಬಿಟ್ಟು ನಮ್ಮ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ!

ಎರಡು ವರ್ಷ ಕಳೆದು ಕೊನೆಯ ಪರೀಕ್ಷೆ ಬಂತು. ದಾವಣಗೆರೆಗೆ ಜತೆಯಲ್ಲಿ ಹೋದವಳು ನಾನೇ. ಅತ್ತೆ ಟೆಕ್ಸಾಸನ್ನು ಎಷ್ಟು ಓದಿದ್ದಳೆಂದರೆ ಅಲ್ಲಿಯ ಹಳ್ಳಗಳ ಹೆಸರೂ ಅವಳ ಬಾಯಲ್ಲಿತ್ತು. ಪ್ರಶ್ನೆಪತ್ರಿಕೆಯಲ್ಲಿ ಮೊದಲನೆಯದೇ ಟೆಕ್ಸಾಸ್ ಅಂತೆ.

"ಹಂಗಾದ್ರೆ ಚೆನ್ನಾಗಿ ಬರೆದ್ರಿ ಅನ್ರಿ," ಎಂದೆ.

"ಬರೀಲಿಲ್ಲ."

"ಯಾಕತ್ತೆ?"

"ನಾನು ಓದಿದ್ದೇ ಕೊಟ್ಟವ್ರೆ ಅಂದ್ರೆ ಅದ್ರಾಗೆ ಏನೋ ಮೋಸ ಐತೆ. ಅದನ್ನ ಬಿಟ್ಟು ಪೆರಗ್ವೆ ಬರೆದೆ."

ಪೆರಗ್ವೆಯ ಪಾಠ ಅಂಚೆಯಲ್ಲಿ ಬಂದೇ ಇರಲಿಲ್ಲ! ಆದರೂ ಅತ್ತೆ ಪಾಸಾದಳು. ಪರೀಕ್ಷಕನಿಗೂ ಪೆರಗ್ವೆ ಗೊತ್ತಿರಲಿಲ್ಲವೆಂದು ನನ್ನ ಊಹೆ. ಫಲಿತಾಂಶದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇರೆ ಯಾರ್ದೋ ನಂಬರ್ ಇರಬೇಕು," ಎಂದಳು. ಎರಡು ದಿನ ನಗಲಿಲ್ಲ. ಮೂರನೆಯ ದಿನ ಕೇರಿಗೆಲ್ಲ ಪೇಡೆ ಹಂಚಿದಳು. ಅದರಲ್ಲೇನಾದರೂ ಬೆರೆಸಿದ್ದಾಳೋ ಎಂದು ಜನ ಮೂಸಿ ನೋಡಿ ತಿಂದರು.

ಮುಂದಿನ ಬೇಸಿಗೆಯಲ್ಲಿ ಸರ್ಕಾರದ ಲಕೋಟೆ ಬಂತು. ಅತ್ತೆಗೆ ಜಗಳೂರಿನ ಜೂನಿಯರ್ ಕಾಲೇಜಿಗೆ ಇತಿಹಾಸದ ಲೆಕ್ಚರರ್ ಆಗಿ ಬಡ್ತಿ, ವರ್ಗ. ಅಪ್ಪ ಆದೇಶವನ್ನು ಓದಿ ನಕ್ಕುಬಿಟ್ಟ.

"ಜಗಳೂರಂತೆ! ಅಲ್ಲಿ ನಿಂಗ್ಯಾರದಾರೆ? ನಾಳೆ ಹೋಗಿ ಆಫೀಸಿನೋರಿಗೆ ಹೇಳಿ ರದ್ದು ಮಾಡಿಸ್ತೀನಿ ತಗೋ. ಇದು ಯಾರೋ ಆಗದಿರೋರು ಮಾಡಿರೋ ಕೆಲಸ."

"ನಾನೇ ಬರೆದುಕೊಟ್ಟಿದ್ದೆ," ಎಂದಳು ಅತ್ತೆ. "ಎಲ್ಲಿಗಾದ್ರೂ ಸರಿ, ಹೋಗ್ತೀನಿ ಅಂತ."

ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅಪ್ಪನ ಅನುಮಾನಗಳೆಲ್ಲ ಒಮ್ಮೆಲೇ ನಿಜವಾಗಿದ್ದವು. ಆದರೆ ಅವನ ಮುಖ ಗೆದ್ದವನ ಹಾಗಿರಲಿಲ್ಲ.

"ನಾನೇನ್ ಕಮ್ಮಿ ಮಾಡಿದ್ದೆ ಅಕ್ಕ ನಿಂಗೆ?"

"ಏನೂ ಕಮ್ಮಿ ಮಾಡಿಲ್ಲ ಕಣಪ್ಪ. ಅದ್ಕೇ ಬಾಯಿಬಿಟ್ಟು ಹೇಳಾಕೆ ಮೂರು ವರ್ಷ ಆತು."

"ಮತ್ತೆ?"

ಅತ್ತೆ ಆದೇಶವನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಸಿದಳು. "ಈ ಮನೇಲಿ ಎಲ್ಲಾರ್ದೂ ಆದ ಮೇಲೆ ನಾನು ಉಣ್ಣೋದು. ಯಾರೂ ಹಂಗೆ ಮಾಡು ಅಂದಿಲ್ಲ. ನಾನೇ ಮಾಡ್ಕೊಂಡಿದ್ದು. ಒಂದು ನಾಕು ದಿನ ನಂಗೆ ಹಸಿವಾದಾಗ ಉಣ್ಣಾನ ಅನ್ಸೈತೆ."

ಅಪ್ಪ ಹೊರಗೆ ಹೋಗಿ ಖಾಲಿ ಜಗಲಿಯ ಮೇಲೆ ಕೂತ. ನಾನು ಆಗ ಮೊದಲ ಬಾರಿಗೆ ಅತ್ತೆಯ ಕೋಣೆಯನ್ನು ಸರಿಯಾಗಿ ನೋಡಿದೆ. ಗೋಡೆಗೆ ಒರಗಿಸಿದ ನನ್ನ ತಮ್ಮಂದಿರ ಸೈಕಲ್ಲು, ಹುಣಸೆಹಣ್ಣಿನ ಮೂರು ಜಾಡಿ, ಮಂಚದ ಕೆಳಗೆ ಜೋಳದ ಚೀಲ, ಮೊಳೆಯ ಮೇಲೆ ಅಪ್ಪನ ಕೊಡೆ ಕೋಟು. ಅವಳದೆಂದು ಇದ್ದದ್ದು ಮಂಚ, ಒಂದು ಟ್ರಂಕು. ದರ್ಜಿಯನ್ನು ಓಡಿಸಿದವಳು ನಮಗೆ ಒಂದು ದಿನವೂ ಏನೂ ಅಂದಿರಲಿಲ್ಲ!

ಅವಳು ಹೋಗುವ ದಿನ ಅಪ್ಪ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಟ್ರಂಕು ಹೊತ್ತವಳು ನಾನು. ಡ್ರೈವರಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ಮೂರು ಜನರನ್ನು ಕೇಳಿ ಅತ್ತೆ ಬಸ್ಸು ಹತ್ತಿದಳು.

ನಾಲ್ಕು ತಿಂಗಳು ಅಪ್ಪ ಅವಳ ಹೆಸರೆತ್ತಲಿಲ್ಲ. ಕಾಗದ ಬಂದರೆ, "ಏನಂತೆ?" ಎಂದು ಗೋಡೆಯನ್ನು ಕೇಳುತ್ತಿದ್ದ. ಒಂದು ಭಾನುವಾರ ಎದ್ದವನೇ ಅಂಗಿ ಹಾಕಿಕೊಂಡು, "ಜಗಳೂರಿಗೆ ಹೋಗಿ ಬರಾಣ ಬಾ. ಆ ಮನೆ ಓನರ್ ಎಂಥೋನೋ ಏನೋ. ನಂಗೆ ಯಾಕೋ ಅನುಮಾನ," ಎಂದ. ದಾರಿಯುದ್ದಕ್ಕೂ ಅವನದು ಒಂದೇ ಪಾಠ: ಬಾಗಿಲಿನ ಅಗಳಿ ಗಟ್ಟಿಯಿರಲಿಕ್ಕಿಲ್ಲ, ನೀರು ಸರಿಯಿರಲಿಕ್ಕಿಲ್ಲ, ಅಕ್ಕ ಪೂರ್ತಿ ಇಳಿದುಹೋಗಿರುತ್ತಾಳೆ, ಇವತ್ತೇ ಕರೆದುಕೊಂಡು ಬಂದುಬಿಡೋಣ.

ತಲುಪಿದಾಗ ಮಧ್ಯಾಹ್ನ. ಬಯಲುಸೀಮೆಯ ಬಿರುಬಿಸಿಲು, ಧೂಳು ಗಾಳಿ. ವಿಳಾಸ ಹಿಡಿದು ಹೋದರೆ ಒಂಟಿ ಕೋಣೆಯ ಹೆಂಚಿನ ಮನೆ. ಬಾಗಿಲು ಅಗಲಕ್ಕೆ ತೆರೆದಿತ್ತು. ಹಗಲಲ್ಲೂ ಚಿಲಕ ಹಾಕಿ, ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುವವಳ ಬಾಗಿಲು! ಅಪ್ಪ ನನ್ನನ್ನು ತಳ್ಳಿಕೊಂಡು ಮುಂದೆ ಹೋದ. ಹೊಸ್ತಿಲಲ್ಲಿ ನಿಂತುಬಿಟ್ಟ.

ಒಳಗೆ ಅತ್ತೆ ಚಾಪೆಯ ಮೇಲೆ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈ ಎಲ್ಲೋ. ಉಂಡ ತಟ್ಟೆ ಪಕ್ಕದಲ್ಲೇ ಇತ್ತು, ತೊಳೆದಿರಲಿಲ್ಲ. ಹೊಸ ಕನ್ನಡಕ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಸಣ್ಣಗೆ ಗೊರಕೆ.

ನಾನು ಕೂಗಲು ಬಾಯಿ ತೆರೆದೆ. ಅಪ್ಪ ನನ್ನ ಕೈ ಹಿಡಿದುಕೊಂಡ.

"ಎಬ್ಬಿಸಬ್ಯಾಡ," ಎಂದ ಪಿಸುದನಿಯಲ್ಲಿ. "ಅಕ್ಕ ಹಿಂಗೆ ಮಲಗಿದ್ದನ್ನ ನಾನು ನೋಡೇ ಇಲ್ಲ."

ನನ್ನನ್ನು ಎದುರಿನ ಬೇವಿನ ಮರದ ನೆರಳಿಗೆ ಕಳಿಸಿದ. ತಾನು ಬಿಸಿಲು ಬೀಳುವ ಮೆಟ್ಟಿಲ ಮೇಲೆಯೇ, ಒಳಕ್ಕೆ ಬೆನ್ನು ಮಾಡಿ ಕೂತ. ಗಾಳಿ ಬೀಸಿದಾಗಲೆಲ್ಲ ಬಾಗಿಲು ಬಡಿದುಕೊಳ್ಳುವುದರಲ್ಲಿತ್ತು. ಅಪ್ಪ ಚಪ್ಪಲಿ ಬಿಟ್ಟು, ಬರಿಗಾಲು ಚಾಚಿ ಬಾಗಿಲಿಗೆ ಅಡ್ಡ ಕೊಟ್ಟ. ಅತ್ತೆಗೆ ತಾನಾಗಿ ಎಚ್ಚರವಾಗುವವರೆಗೆ ಕಾಲು ತೆಗೆಯಲಿಲ್ಲ.