ಮನ್ಮಥಪ್ಪನ ವಿಮಾನದ ವ್ಯಾಪಾರ

ಎಲ್ಲಾ ಅನಾಹುತಕ್ಕೂ ಕಾರಣ ಒಂದು ಟವೆಲ್ಲು. ಉದಗೀರದ ದನದ ಬಜಾರಿನಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ದಲಾಲಿ ಟವೆಲ್ಲಿನ ಅಡಿ ಕೈ ಹಿಡಿಯುತ್ತಾನೆ, ಬೆರಳಿನಲ್ಲೇ ವ್ಯಾಪಾರ. ಬೆರಳು ಒತ್ತಿದರೆ ಮುಗಿಯಿತು. ತುರೋರಿಯ ಮನ್ಮಥಪ್ಪ ಎದುರಿಗಿದ್ದ ಬಿಳಿ ಎತ್ತಿನ ಜೋಡಿಗೆ ಮನಸೋತು ಒತ್ತಿಯೇಬಿಟ್ಟ. ಆದರೆ ದಲಾಲಿ ಕಲ್ಯಾಣಪ್ಪ ಮಾರುತ್ತಿದ್ದದ್ದು ಎತ್ತುಗಳ ಹಿಂದೆ ನಿಂತಿದ್ದ ವಿಮಾನವನ್ನು.

ಜಾಗೀರು ಹೋಗಿ ಊರು ಬಿಡುತ್ತಿದ್ದ ಜಾಗೀರದಾರನೊಬ್ಬನದು ಅದು. ಮೂವರು ಕೂಡುವಂಥ ಪುಟ್ಟ ವಿಮಾನ, ಎತ್ತಿನ ದರಕ್ಕೇ ಹೋಗುತ್ತಿತ್ತು. ಮನ್ಮಥಪ್ಪ ಬೇಡವೆಂದು ಅಂಗಲಾಚಿದ.

“ಬೆರಳು ಕೊಟ್ಟೀರಿ ಸಾವಕಾರ್ರ. ಈಗ ಒಲ್ಲೆ ಅಂದ್ರ ನಾಳಿಂದ ಯಾವ ಬಜಾರದಾಗೂ ನಿಮ್ಮ ಕೈ ಯಾರೂ ಹಿಡ್ಯಂಗಿಲ್ಲ,” ಎಂದ ಕಲ್ಯಾಣಪ್ಪ.

ಒಕ್ಕಲುತನ ಮಾಡುವವನಿಗೆ ಅದಕ್ಕಿಂತ ಮರ್ಯಾದೆಗೇಡು ಇನ್ನೇನಿದೆ? ಮನ್ಮಥಪ್ಪ ದುಡ್ಡು ಕೊಟ್ಟ. ಜಾಗೀರದಾರನ ಪೈಲಟ್ ಖಾನಸಾಹೇಬ ಕೆಲಸವಿಲ್ಲದೆ ಕೂತಿದ್ದ. ಪೆಟ್ರೋಲು ಹಾಕಿಸಿದರೆ ಮನೆಗೆ ಮುಟ್ಟಿಸುತ್ತೇನೆ, ದಾರಿ ಮಾತ್ರ ನೀವೇ ಹೇಳಬೇಕು ಎಂದ.

ಮನ್ಮಥಪ್ಪನಿಗೆ ದಾರಿ ಗೊತ್ತಿತ್ತು, ಬಂಡಿಯ ಮೇಲಿಂದ. ಬೇವಿನ ಮರಕ್ಕೆ ಎಡಕ್ಕೆ, ಬಾವಿಗೆ ಬಲಕ್ಕೆ. ಮೇಲಿಂದ ನೋಡಿದರೆ ಬೇವಿನ ಮರಗಳೆಲ್ಲ ಕೊತ್ತಂಬರಿ ಸೂಡಿನಂತೆ ಒಂದೇ ಥರ ಕಂಡವು. ನಿಲಂಗಾದ ಸುತ್ತ ಮೂರು ಸುತ್ತು ಹಾಕಿದ್ದಾಯಿತು. ವಿಮಾನ ಒಂದು ಸಲ ಹೊಯ್ದಾಡಿದಾಗ ಅವನು ಕೊರಳಿನ ಲಿಂಗ ಹಿಡಿದುಕೊಂಡು, “ಮಲ್ಲಯ್ಯಾ, ಒಮ್ಮೆ ನೆಲಕ್ಕ ಹಚ್ಚಪಾ. ಈ ಜನ್ಮದಾಗ ಮತ್ತ ಇದರಾಗ ಕೂಡಂಗಿಲ್ಲ,” ಎಂದು ಬೇಡಿಕೊಂಡ. ಕೊನೆಗೆ ಲಾರಿ ಓಡಾಡುವ ಹೆದ್ದಾರಿ ಕಂಡಿತು, ಅದನ್ನೇ ಹಿಡಿದು ಬಂದರು.

ಸದ್ದು ಕೇಳಿದ್ದೇ ತಡ, ತುರೋರಿಯ ಜನ ಹಿಂದೆ ಸೈನ್ಯ ನುಗ್ಗಿದ್ದ ಪೊಲೀಸ್ ಆ್ಯಕ್ಷನ್ ಮತ್ತೆ ಬಂತೆಂದು ಜೋಳ ತುಂಬುವ ನೆಲದಡಿಯ ಹಗೇವುಗಳಿಗೆ ಇಳಿದರು. ಹೊಲದಲ್ಲಿ ಕುರುಬರ ಅಂಬಣ್ಣನ ಕುರಿಗಳು ದಿಕ್ಕಾಪಾಲಾಗಿ ಓಡಿ ಜಾಗ ಮಾಡಿಕೊಟ್ಟವು. ವಿಮಾನ ಕುಪ್ಪಳಿಸುತ್ತ ಬಂದು ಬದುವಿಗೆ ಮೂಗು ತಾಗಿಸಿ ನಿಂತಿತು.

ಮನ್ಮಥಪ್ಪ ಇಳಿದು ಕರಿ ಮಣ್ಣಿನ ಮೇಲೆ ಉದ್ದಕ್ಕೆ ಮಲಗಿದ. ಮಣ್ಣು ಇಷ್ಟು ತಣ್ಣಗಿರುತ್ತದೆಂದು ನಲವತ್ತು ವರ್ಷ ಉತ್ತರೂ ಅವನಿಗೆ ಗೊತ್ತಾಗಿರಲಿಲ್ಲ. ಬದುಕಿದೆ ಎಂದು ಅತ್ತ, ಆಮೇಲೆ ನಕ್ಕ. ವಿಮಾನವನ್ನು ಕುರಿಮರಿಗಳ ನೆರಳಿಗೆ ಇಟ್ಟುಕೋ ಎಂದು ಅಂಬಣ್ಣನಿಗೆ ಅಲ್ಲೇ ದಾನ ಮಾಡಿದ. ಎದೆ ಹತ್ತಿಯಷ್ಟು ಹಗುರಾಯಿತು.

ಅಷ್ಟರಲ್ಲಿ ಹೆಂಡತಿ ಗಿರಿಜಾಬಾಯಿ ಕಣ್ಣೊರೆಸಿಕೊಳ್ಳುತ್ತ ಓಡಿಬಂದಳು. ಕೈಯಲ್ಲಿ ಅರಿಶಿನ ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ.

“ಕಿಟಕ್ಯಾಗ ನಿಮ್ಮ ರುಮಾಲು ಕಂಡ್ತರಿ. ನನ್ನ ಜೀವಾ ಹಾರಿಹೋಯ್ತು. ಶ್ರೀಶೈಲ ಮಲ್ಲಯ್ಯಗ ಗಂಟು ಕಟ್ಟಿ ಬೇಡ್ಕೊಂಡೀನಿ. ಇವ್ರನ್ನ ಸುಖಾ ಇಳಸು, ಗಂಡಾ ಹೆಂಡ್ತಿ ಇದೇ ವಿಮಾನದಾಗ ನಿನ್ನ ದರ್ಶನಕ್ಕ ಬರ್ತೀವಿ ಅಂತ.”

ಮನ್ಮಥಪ್ಪ ಎದ್ದು ಕೂತ. ತಾನು ಅದೇ ಮಲ್ಲಯ್ಯನಿಗೆ ತದ್ವಿರುದ್ಧ ಹರಕೆ ಹೊತ್ತಿದ್ದನ್ನು ಹೇಳಿ, ಆಗಷ್ಟೇ ಹಗೇವಿನಿಂದ ಮೇಲೆ ಬಂದಿದ್ದ ಊರ ಜಂಗಮ ರಾಚಯ್ಯನವರ ಕಾಲು ಹಿಡಿದ. ರಾಚಯ್ಯ ಗಡ್ಡದೊಳಗಿನ ಜೋಳ ಕೊಡವಿಕೊಂಡು ಯೋಚಿಸಿದರು.

“ನಿಂದು ಬಾಯಿಮಾತು ಮನ್ಮಥಪ್ಪ, ಅದಕ್ಕ ತಪ್ಪುಕಾಣಿಕಿ ಹಾಕಿದ್ರ ಮುಗೀತು. ಆಕಿ ಗಂಟು ಕಟ್ಯಾಳ. ಅದು ಮಲ್ಲಯ್ಯನ ಮುಂದೇ ಬಿಚ್ಚಬೇಕು.”

ಅಂಬಣ್ಣ ದಾನ ವಾಪಸ್ಸು ಕೊಟ್ಟ. ಖಾನಸಾಹೇಬ ಮತ್ತೆ ಪೆಟ್ರೋಲು ಹಾಕಿಸಿರೆಂದ. ಗಿರಿಜಾಬಾಯಿ ಬುತ್ತಿಗೆ ರೊಟ್ಟಿ ಬಡಿಯಲು ಮನೆಗೆ ಹೊರಟವಳು ತಿರುಗಿ ನಿಂತಳು.

“ನಾಳಿ ಸೋಮವಾರರಿ,” ಎಂದಳು. “ಛಲೋ ದಿನ ಅದ.”