ಅಳಿಯನ ಕಾರಿಗೆ ವಿಭೂತಿ

ಯಾರ ವಸ್ತುವನ್ನಾದರೂ ಜೋಪಾನ ಮಾಡಲು ಒಪ್ಪಿಕೊಳ್ಳಬಹುದು, ಅಳಿಯನ ವಸ್ತುವನ್ನು ಮಾತ್ರ ಒಪ್ಪಿಕೊಳ್ಳಬಾರದು. ಪಕ್ಕದ ಮನೆಯವರ ಏಣಿ ನಮ್ಮ ಕೈಯಲ್ಲಿ ಮುರಿದರೆ ನಾಲ್ಕು ದಿನ ಮುಖ ತಪ್ಪಿಸಿಕೊಂಡು ಓಡಾಡಬಹುದು. ಅಳಿಯನಿಗೆ ಹಾಗೆ ಮುಖ ತಪ್ಪಿಸಲು ಬರುವುದಿಲ್ಲ, ಹಬ್ಬ ಬಂದರೆ ನಾವೇ ಫೋನು ಮಾಡಿ ಕರೆಯಬೇಕು. ಈ ಜ್ಞಾನ ನನಗೆ ಬಂದದ್ದು ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಮೊಳದುದ್ದದ ಒಂದು ಕಾರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಾಗ. ಜ್ಞಾನ ನನ್ನ ಹತ್ತಿರ ಯಾವಾಗಲೂ ಕೆಲಸ ಕೆಟ್ಟ ಮೇಲೆಯೇ ಬರುತ್ತದೆ.

ನಮ್ಮ ಅಳಿಯ ಕೊಟ್ರೇಶ ಬಂಗಾರದಂಥ ಹುಡುಗ. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ನಿಂತಿವೆಯಲ್ಲ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು, ಅವುಗಳನ್ನು ಹತ್ತಿ ರಿಪೇರಿ ಮಾಡುವುದು ಅವನ ಕೆಲಸ. ಮದುವೆಯಲ್ಲಿ ಒಂದು ಕೈಗಡಿಯಾರವನ್ನೂ ಬೇಡವೆಂದವನು. ಅಂಥವನು ಕೆಲವು ತಿಂಗಳ ಮಟ್ಟಿಗೆ ಗುಜರಾತಿನ ಫ್ಯಾನುಗಳನ್ನು ನೋಡಿಕೊಳ್ಳಲು ನಮ್ಮ ಮಗಳು ಸವಿತಾಳನ್ನು ಕರೆದುಕೊಂಡು ಹೊರಡುವಾಗ, ಎದೆಗವಚಿಕೊಂಡಿದ್ದ ರಟ್ಟಿನ ಡಬ್ಬವೊಂದನ್ನು ನನ್ನ ಮುಂದಿಟ್ಟು, "ಮಾವ, ಇದೊಂದು ನೋಡ್ಕೋಬೇಕ್ರಿ. ಮನ್ಯಾಗ ಇಟ್ರ ನಮ್ಮವ್ವ ತಿಪ್ಪಿಗೆ ಒಗಿತಾಳ. ಇದರ ಸಪ್ಪಳಕ್ಕ ಎಮ್ಮಿ ಹಾಲು ಬಿಡ್ತಾ ಇಲ್ಲಂತ" ಎಂದ. ಅವನು ನಮ್ಮನ್ನು ಮೊದಲ ಬಾರಿಗೆ ಕೇಳಿದ್ದೇ ಅದು. ಇಲ್ಲವೆನ್ನಲು ನಾನೇನು ಕಲ್ಲೇ?

ಡಬ್ಬದೊಳಗೆ ರಿಮೋಟಿನಿಂದ ಓಡಿಸುವ ಕಾರು ಇತ್ತು. ಬ್ಯಾಟರಿಯ ಆಟಿಕೆ ಎಂದುಕೊಂಡಿರಾದರೆ ನನ್ನ ಹಾಗೆಯೇ ಮೋಸ ಹೋದಿರಿ. ಅದರ ಹೊಟ್ಟೆಯಲ್ಲಿ ಲಿಂಬೆಹಣ್ಣಿನ ಗಾತ್ರದ ನಿಜವಾದ ಇಂಜಿನ್. ಪಿಸ್ಟನ್ ಇದೆ, ಕಾರ್ಬೊರೇಟರ್ ಇದೆ, ನೈಟ್ರೋ ಎಂಬ ಇಂಧನ ಕುಡಿದು ಹೊಗೆ ಬಿಡುತ್ತದೆ. ಭಾನುವಾರಕ್ಕೊಮ್ಮೆ ಓಡಿಸದಿದ್ದರೆ ಒಳಗಿನ ಎಣ್ಣೆ ಅಂಟಾಗಿ ಜಾಮ್ ಆಗುತ್ತದಂತೆ. "ಎರಡೇ ಮಾತು ನೆನಪಿಡ್ರಿ ಮಾವ. ಎಣ್ಣಿ ಸೋಸಿ ಹಾಕ್ರಿ. ಉಸಿರಾಡೋ ಜಾಗಕ್ಕ ಧೂಳು ಹೋಗಬಾರ್ದು" ಎಂದು ಕೊಟ್ರೇಶ ಅದರ ನೆತ್ತಿ ತೋರಿಸಿದ. ಕಾರಿನ ಮೇಲುಹೊದಿಕೆಯ ತೂತಿನಿಂದ ಗುಂಡಗೆ ಒಂದು ಸ್ಪಂಜು ತಲೆ ಎತ್ತಿ ನಿಂತಿತ್ತು. ಅದೇ ಏರ್ ಫಿಲ್ಟರ್. ಎಣ್ಣೆ ಹಚ್ಚಿದ ಆ ಸ್ಪಂಜು ಧೂಳನ್ನು ಹೊರಗೇ ಹಿಡಿದು ಬರೀ ಗಾಳಿಯನ್ನು ಒಳಗೆ ಬಿಡುತ್ತದೆ. ಒಂದು ಚಿಟಿಕೆ ಧೂಳು ದಾಟಿದರೂ ಪಿಸ್ಟನ್ ಸವೆಯಿತೆಂದೇ ಲೆಕ್ಕ. ಕೂಡ್ಲಿಗಿಯಲ್ಲಿ ಧೂಳಿಲ್ಲದ ಜಾಗ ಯಾವುದೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಬಂತು.

ಸೋಸುವ ವಿಷಯದಲ್ಲಿ ನನಗೆ ಭಯವಿರಲಿಲ್ಲ. ನಮ್ಮ ಮನೆಯಲ್ಲಿ ಸೋಸದೆ ಒಳಗೆ ಬರುವುದು ನಾನೊಬ್ಬನೇ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ, ಕೊಡದ ಬಾಯಿಗೆ ಇನ್ನೊಂದು. ನನ್ನ ಹೆಂಡತಿ ಗೌರಮ್ಮ ಚಹವನ್ನೂ ಎರಡು ಸಲ ಸೋಸುತ್ತಾಳೆ. ಎರಡನೆಯ ಸಲಕ್ಕೆ ರುಚಿಯೂ ಬಟ್ಟೆಯಲ್ಲೇ ಉಳಿಯುತ್ತದೆ, ಬಣ್ಣದ ಬಿಸಿನೀರು ಲೋಟಕ್ಕಿಳಿಯುತ್ತದೆ. ಮದುವೆಯಾದಾಗಿನಿಂದ ಅದನ್ನೇ ಕುಡಿದುಕೊಂಡು ಬಂದಿದ್ದೇನೆ. ಹೀಗಾಗಿ ನೈಟ್ರೋ ಸೋಸುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು. ಅಳಿಯ ಕೊಟ್ಟ ಸಣ್ಣ ಜಾಲರಿಯ ಲಾಳಿಕೆಯಲ್ಲಿ ಹನಿಹನಿಯಾಗಿ ಸೋಸುತ್ತಿದ್ದೆ. ನೈಟ್ರೋದಲ್ಲಿ ಹರಳೆಣ್ಣೆ ಬೆರೆಸಿರುತ್ತಾರೆ. ಚಿಕ್ಕಂದಿನಲ್ಲಿ ನಮ್ಮವ್ವ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದಳು. ಹೀಗಾಗಿ ಆ ವಾಸನೆ ಬಡಿದರೆ ಇವತ್ತಿಗೂ ನನ್ನ ಹೊಟ್ಟೆ ಗುಡುಗುತ್ತದೆ. ಭಾನುವಾರ ಇಂಜಿನ್ ಶುರುವಾಗುವ ಮೊದಲು ನಾನೊಮ್ಮೆ ಬಚ್ಚಲ ಕಡೆ ಹೋಗಿ ಬರಬೇಕಾಗುತ್ತಿತ್ತು.

ಆಮೇಲೆ ಹೈಸ್ಕೂಲ್ ಮೈದಾನ. ಅದೇ ಹೈಸ್ಕೂಲಿನಲ್ಲಿ ನಾನು ಗುಮಾಸ್ತ, ನಿವೃತ್ತಿಗೆ ಹತ್ತಿರ ಬಂದವನು, ಮಂಡಿ ನೋವಿನವನು. ಅಂಥವನು ಬಗ್ಗಿ ಹಗ್ಗ ಎಳೆದು ಇಂಜಿನ್ ಎಬ್ಬಿಸಿ, ಕಿರ್ರೋ ಎಂದು ಓಡುವ ಆ ಕಾರಿನ ಹಿಂದೆ ನಡೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. "ಮೈಲೇಜ್ ಎಷ್ಟು ಕೊಡ್ತೈತ್ರಿ ಸಾಹೇಬ್ರ?" ಎಂದು ಎಲ್ಲರದೂ ಒಂದೇ ಪ್ರಶ್ನೆ. ಕೊಟ್ಟೂರಿಗೂ ಮುಟ್ಟುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು.

ಹೀಗೆ ನಡೆದಿದ್ದಾಗ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದ ಮನೆಯಿಲ್ಲ. ಗೌರಮ್ಮ ನನ್ನ ಸ್ಕೂಟರಿಗೆ ಹೂವೇರಿಸಿದಳು, ಅದರ ಪಕ್ಕ ಅಳಿಯನ ಕಾರನ್ನೂ ಮಣೆಯ ಮೇಲೆ ಕೂರಿಸಿದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಏರ್ ಫಿಲ್ಟರಿನ ಮೇಲೆ ಅಡ್ಡಡ್ಡ ವಿಭೂತಿಯ ಮೂರು ಬೆರಳ ಪಟ್ಟೆ ಬಿದ್ದಿತ್ತು. ಅವಳದೇನು ತಪ್ಪು? ಕಾರಿನಲ್ಲಿ ತಲೆಯ ಹಾಗೆ ಇದ್ದದ್ದು ಅದೊಂದೇ. ತಲೆಗೆ ಎಣ್ಣೆಯೂ ಹಚ್ಚಿತ್ತು. ವಿಭೂತಿ ಬಹಳ ಚೆನ್ನಾಗಿ ಕೂತಿತ್ತು.

ಬೇಡ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹಿಂದೊಮ್ಮೆ ಅವಳು ಸ್ಕೂಟರಿನ ಗಾಲಿಗೆ ಲಿಂಬೆಹಣ್ಣು ಇಡುವಾಗ, "ಯಾಕ ಸುಮ್ನ ಹಣ್ಣು ಹಾಳು" ಎಂದುಬಿಟ್ಟಿದ್ದೆ. ಅದೇ ವಾರ ಉಜ್ಜಿನಿ ದಾರಿಯಲ್ಲಿ ಕ್ಲಚ್ ವೈರು ಕಡಿದು, ಇಬ್ಬರೂ ಬಿಸಿಲಲ್ಲಿ ಸ್ಕೂಟರ್ ತಳ್ಳಿಕೊಂಡು ಬಂದೆವು. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಲಿಂಬೆಹಣ್ಣಿನ ಪುರಾಣ ಬರುತ್ತದೆ. ಹಚ್ಚಿದ ವಿಭೂತಿ ಒರೆಸು ಎಂದು ಯಾವ ಬಾಯಿಂದ ಹೇಳಲಿ?

ಮೈದಾನದಲ್ಲಿ ಕರವಸ್ತ್ರ ತೆಗೆದು ಕದ್ದು ಒರೆಸಿ ನೋಡಿದೆ. ಒರೆಸಿದಷ್ಟೂ ಬೂದಿ ಸ್ಪಂಜಿನ ಒಳಕ್ಕೇ ಇಳಿಯಿತು. ಮುಂದಿನ ಅಮಾವಾಸ್ಯೆಗೆ ಮೊದಲೇ ಸ್ಪಂಜಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟೆ. "ಮುಖ ಮುಚ್ಚಿ ಪೂಜಿ ಮಾಡ್ತಾರೇನ್ರಿ?" ಎಂದು ಗೌರಮ್ಮ ಚೀಲ ಬಿಚ್ಚಿದಳು. "ಅಳಿಯಂದು ಐತಿ, ಒಂದು ಪಟ್ಟಿ ಹೆಚ್ಚಿರಲಿ" ಎಂದು ಧಾರಾಳವಾಗಿ ಹಚ್ಚಿದಳು. ಬರಬರುತ್ತಾ ಇಂಜಿನ್ ದನಿ ಇಳಿಯಿತು. ಶುರುವಾಗುವುದು, ನಾಲ್ಕು ಗಜ ಓಡಿ ನಿಲ್ಲುವುದು, ಮತ್ತೆ ನಾನು ಬಗ್ಗುವುದು. ಕಡೆಕಡೆಗೆ ಅದೂ ಏಳದಾಯಿತು. ಒಳ್ಳೆಯ ಹುಡುಗ ನಂಬಿ ಕೊಟ್ಟದ್ದನ್ನು ಕೊಂದೆನಲ್ಲ ಎಂದು ನನಗೆ ಊಟ ಸೇರದಾಯಿತು.

ಸವಿತಾಳ ಜೊತೆ ರಜೆಗೆಂದು ಊರಿಗೆ ಬಂದ ಕೊಟ್ರೇಶ ಕೈಕಾಲು ತೊಳೆದವನೇ ಕಾರಿನ ಮುಂದೆ ಕೂತ. ಹಗ್ಗ ಎಳೆದ. ಅದು ಹೂವಿನ ಸರ ಬಂದಂತೆ ಸುಮ್ಮನೆ ಕೈಗೆ ಬಂತು. "ಕಂಪ್ರೆಶನ್ ಹೋಗೇತಿ ಮಾವ. ಪಿಸ್ಟನ್ ಸವದೈತಿ" ಎಂದ ಮೆಲ್ಲಗೆ. ಫಿಲ್ಟರ್ ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳು ಬೆಳ್ಳಗಾಗಿ ಹೊರಬಂತು. ಮೂಸಿ ನೋಡಿದ, ಹೊರಗಿನ ಪಟ್ಟೆ ನೋಡಿದ, ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಅತ್ತೆಯನ್ನು ನೋಡಿದ. ಬೆರಳಿನ ವಿಭೂತಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಸಂಸ್ಕಾರ ಬಿಡಲಿಲ್ಲ ಅಂತ ಕಾಣುತ್ತದೆ. ಹಣೆಗೆ ಹಚ್ಚಿಕೊಂಡ.

"ಏನಾತಪ್ಪ?" ಎಂದಳು ಗೌರಮ್ಮ.

"ಏನಿಲ್ರಿ ಅತ್ತಿ. ಇದಕ್ಕೂ ವಯಸ್ಸಾಗಿತ್ತು" ಎಂದ ಕೊಟ್ರೇಶ, ನನ್ನ ಕಡೆ ನೋಡುತ್ತಾ.

ನಮ್ಮ ಸವಿತಾಳಿಗೆ ಮಾತ್ರ ನನ್ನ ಗುಣ ಬಂದಿಲ್ಲ. "ಅವ್ವಾ, ನೀ ಹಚ್ಚಿದ ಈಬತ್ತಿ ಒಳಗ ಹೋಗಿ ಇಂಜಿನ್ ಕೆಟ್ಟೈತಿ" ಎಂದಳು. ಗೌರಮ್ಮ ತಟ್ಟೆ ಕೆಳಗಿಟ್ಟು ಅಲ್ಲೇ ಕೂತಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ನನ್ನ ಕಡೆ ತಿರುಗಿ, "ನಿಮಗ ಗೊತ್ತಿತ್ತೇನು?" ಎಂದಳು.

"ಗೊತ್ತಿತ್ತು."

"ಮತ್ತ ಬಾಯಿ ಬಿಟ್ಟು ಹೇಳಬಾರ್ದಾ? ಅಲ್ಲಿ ಬ್ಯಾಡ ಅಂದಿದ್ರ ಮುಂದಿನ ಬಂಪರಿಗೆ ಹಚ್ಚತಿದ್ದೆ. ದೇವ್ರು ಬಂಪರಿನ ಮ್ಯಾಲೆ ಕೂಡಂಗಿಲ್ಲ ಅಂತಾನೇನು?"

ಇಷ್ಟು ತಿಂಗಳು ಒಂದು ಇಂಜಿನ್ನಿನ ಜೀವ ತಿಂದ ಸಮಸ್ಯೆ ಅವಳ ಬಾಯಲ್ಲಿ ಅರೆಗಳಿಗೆಯಲ್ಲಿ ಮುಗಿಯಿತು. ನಲ್ಲಿಗೆ ಕಟ್ಟಿದ ಬಟ್ಟೆಗಿಂತ ಬಿಗಿಯಾದದ್ದೇನೋ ನನ್ನ ಗಂಟಲಿಗೆ ಕಟ್ಟಿದೆ, ಹೇಳಬೇಕಾದದ್ದೆಲ್ಲ ಅದರ ಒಳಗೇ ಉಳಿಯುತ್ತದೆ.

ಹೊಸ ಪಿಸ್ಟನ್ ತರಿಸಿ ಹಾಕಿ, ಗುಜರಾತಿಗೆ ಮರಳುವಾಗ ಕೊಟ್ರೇಶ ಕಾರನ್ನು ಮತ್ತೆ ನಮ್ಮಲ್ಲೇ ಬಿಟ್ಟ. ಈ ಸಲ ಡಬ್ಬ ಇಟ್ಟದ್ದು ನನ್ನ ಮುಂದಲ್ಲ, ಅವನ ಅತ್ತೆಯ ಮುಂದೆ. ಎರಡು ಮಾತನ್ನೂ ಅವಳಿಗೇ ಹೇಳಿದ. ಹಗ್ಗ ಎಳೆಯುವುದನ್ನು ಮಾತ್ರ ನನಗೆ ಉಳಿಸಿದ. ಅಮಾವಾಸ್ಯೆಯ ದಿನ ಗೌರಮ್ಮ ಸ್ಪಂಜನ್ನು ಮಗುವಿನ ನೆತ್ತಿಯಂತೆ ಎಣ್ಣೆಯಿಂದ ನೇವರಿಸಿ, ಬಂಪರಿಗೆ ವಿಭೂತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಎಳೆದಳು. ಆಮೇಲೆ ಚಹದ ಲೋಟ ಕೈಗಿತ್ತು, ಎದುರಿಗೇ ನಿಂತಳು.

"ಇನ್ನೇನಾರ ಮನಸಿನ್ಯಾಗ ಇಟ್ಕೊಂಡಿದ್ರ ಈಗಲೇ ಹೇಳಿಬಿಡ್ರಿ" ಎಂದಳು.

ನಾನು ಲೋಟದೊಳಗೆ ನೋಡಿದೆ. ಎರಡು ಸಲ ಸೋಸಿದ ಚಹದ ತಳದಲ್ಲಿ ಲೋಟದ ಗೀರುಗಳೂ ಕಾಣುತ್ತಿದ್ದವು.

"ಏನಿಲ್ಲ" ಎಂದು ಕುಡಿದೆ.